ವಲ್ಲಿಯ ಕೆಳಗೆ ಗೆದ್ದ ಆಟ

ಪ್ರತಿ ವರ್ಷ ಡಿಸೆಂಬರ್ ತಿಂಗಳ ಕೊನೆಯ ಭಾನುವಾರ ಬ್ಯಾಡಗಿಯ ನಮ್ಮ ಮನೆಯ ಫ್ರಿಜ್ಜಿನ ಬಾಗಿಲಿಗೆ ನಾನೊಂದು ಪಟ್ಟಿ ಅಂಟಿಸುತ್ತೇನೆ. ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿ, ಕೆಂಪು ಸ್ಕೆಚ್ ಪೆನ್ನಿನ ಅಕ್ಷರ. ಆ ವರ್ಷ ಮನೆಗೆ ಬಂದ ಹೊಸ ಡಬ್ಬಿ ಆಟಗಳಲ್ಲಿ, ಅಂದರೆ ಹಲಗೆ, ಎಲೆ, ದಾಳದ ಆಟಗಳಲ್ಲಿ, ಯಾವುದು ಮೇಲು, ಯಾವುದು ದಂಡ ಎನ್ನುವ ಪಟ್ಟಿ. ಮಾಡು ಎಂದು ಯಾರೂ ಹೇಳಿದ್ದಲ್ಲ. ಆದರೆ ಅಂಟಿಸಿದ ಮೇಲೆ ಎಲ್ಲರೂ ತಕರಾರು ತೆಗೆಯುತ್ತಾರೆ. ಹಾಲು ತೆಗೆಯಲು ಬಂದವರು ಹಾಲು ಮರೆತು ಜಗಳಕ್ಕೆ ನಿಲ್ಲುತ್ತಾರೆ. ನನಗೆ ಬೇಕಾದದ್ದೂ ಅದೇ.

ನಾನು ರಾಣೆಬೆನ್ನೂರಿನ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ದಿನಾ ಬ್ಯಾಡಗಿಯಿಂದ ಹೋಗಿ ಬರುತ್ತೇನೆ. ಈ ಆಟಗಳ ಹುಚ್ಚು ಹಿಡಿದದ್ದೂ ಶಾಲೆಯಿಂದಲೇ. ಭಿನ್ನರಾಶಿ ಎಂದರೆ ಮುಖ ಸಿಂಡರಿಸುವ ಮಕ್ಕಳಿಗೆ ಕಲಿಸಲು ಒಂದು ಆಟದ ಡಬ್ಬಿ ತರಿಸಿದೆ. ಹೆಡ್‌ಮಾಸ್ತರರು ಕಿಟಕಿಯಲ್ಲಿ ನಿಂತು ನೋಡಿ, “ಏನ್ರಿ ಅಕ್ಕೋರ, ಆಟ ಆಡಸಾಕ ಪಗಾರ ಕೊಡ್ತಾರೇನ್ರಿ ನಮಗ?” ಎಂದರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಡಬ್ಬಿ ಎತ್ತಿಕೊಂಡು ಮನೆಗೆ ತಂದೆ. ಅಂದಿನಿಂದ ಅದು ಮನೆಯ ಚಾಳಿಯಾಯಿತು. ಈಗ ಬೀರುವಿನಲ್ಲಿ ಸೀರೆಗಿಂತ ಡಬ್ಬಿಗಳೇ ಹೆಚ್ಚು.

ಪಟ್ಟಿಯಲ್ಲಿ ನನ್ನವೇ ವಿಭಾಗಗಳಿವೆ. ಬೀಗರು ಬಂದಾಗ ಆಡುವ ಆಟ. ಗಂಡ ಹೆಂಡತಿ ಇಬ್ಬರೇ ಇದ್ದಾಗ ಆಡಿ, ಆಮೇಲೆ ಮಾತು ಬಿಡದೇ ಇರಬಹುದಾದ ಆಟ. ಒಬ್ಬರೇ ಕುಳಿತು ಆಡುವ ಆಟ. ಗುಂಪಾಗಿ ಗದ್ದಲ ಹಾಕುವ ಆಟ. ಯಾವುದಕ್ಕೂ ಸೇರದ ಆಟ. ಆಟಗಳಿಗೆ ಡಬ್ಬಿಯ ಮೇಲಿನ ಹೆಸರು ನಮ್ಮಲ್ಲಿ ನಡೆಯುವುದಿಲ್ಲ, ನಾವೇ ಹೆಸರಿಡುತ್ತೇವೆ. ಎಲ್ಲ ವಿಭಾಗ ದಾಟಿ ಕೊನೆಗೆ ಒಂದಕ್ಕೆ ವರ್ಷದ ಮೊದಲ ಸ್ಥಾನ.

ಈ ವರ್ಷ ಬಂದವುಗಳಲ್ಲಿ ‘ಹೆಂಚಿನ ಆಟ’ ಬೀಗರಿಗೆ ಹೇಳಿ ಮಾಡಿಸಿದ್ದು. ಬಣ್ಣದ ಚೌಕಗಳನ್ನು ಆರಿಸಿ ತನ್ನ ಹಲಗೆಯ ಮೇಲೆ ಸಾಲು ಕೂಡಿಸುವುದು, ಅಷ್ಟೇ. ನನ್ನ ಯಜಮಾನರು ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್‌ನಲ್ಲಿ ಸೂಪರ್‌ವೈಸರ್. ಚೀಲದ ಮೇಲೆ ಚೀಲ ಹೇಗಿಟ್ಟರೆ ಸಾಲು ವಾಲುವುದಿಲ್ಲ ಎನ್ನುವುದರಲ್ಲಿ ಅವರ ಇಪ್ಪತ್ತು ವರ್ಷ ಕಳೆದಿವೆ. ಮೊದಲ ಸಲ ಕೂತವರೇ ನನ್ನನ್ನು ಸೋಲಿಸಿ, “ಇದಕ್ಕ ಆಟ ಅಂತಾರ? ನಾವು ದಿನಾ ಮಾಡೂ ಕೆಲಸ ಐತಿ ಇದು” ಎಂದು ಮೀಸೆಯಲ್ಲೇ ನಕ್ಕರು. ಇಬ್ಬರ ವಿಭಾಗದಲ್ಲಿ ಬಂದದ್ದು ಮಸಾಲೆ ವ್ಯಾಪಾರದ ಆಟ. ಡಬ್ಬಿಯ ಮೇಲೆ ಮೆಣಸಿನಕಾಯಿಯ ಚಿತ್ರ ಬಿಡಿಸಿದ್ದಾರೆ ಪುಣ್ಯಾತ್ಮರು: ದಪ್ಪಗೆ, ನುಣ್ಣಗೆ, ಬದನೆಕಾಯಿಯ ಹಾಗೆ. ಸುಕ್ಕಿಲ್ಲದ ಮೆಣಸಿನಕಾಯಿ ನೋಡಿ ಯಜಮಾನರು ಡಬ್ಬಿಯನ್ನು ಮಗುಚಿಟ್ಟರು. ಆಟ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಆದರೆ ಬ್ಯಾಡಗಿಯಲ್ಲಿ ಅದಕ್ಕೆ ವರ್ಷದ ಮೊದಲ ಸ್ಥಾನ ಕೊಟ್ಟರೆ ನಾನು ಮಾರುಕಟ್ಟೆ ದಾಟಿ ಸ್ಟೇಷನ್ನಿಗೆ ಹೋಗುವುದು ಹೇಗೆ? ಅದಕ್ಕೆ ಎರಡನೇ ಸ್ಥಾನ.

ಇಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಈ ವರ್ಷದ ಪಟ್ಟಿ ನಿಂತದ್ದು ನನ್ನ ಸೋದರಮಾವನ ಮೇಲೆ.

ಮಾವ ಹಾವೇರಿಯವರು, ದನದ ದಲ್ಲಾಳಿ. ಎತ್ತು, ಆಕಳು, ಹೋರಿ ಕೊಡಿಸುವುದು, ಬಿಡಿಸುವುದು ಅವರ ಕಸುಬು. ಈ ವ್ಯಾಪಾರದಲ್ಲಿ ದರವನ್ನು ಬಾಯಿಂದ ಹೇಳುವುದಿಲ್ಲ. ಇಬ್ಬರು ಎದುರುಬದುರು ನಿಲ್ಲುತ್ತಾರೆ, ಹೆಗಲ ಮೇಲಿನ ವಸ್ತ್ರವನ್ನು, ಅಂದರೆ ವಲ್ಲಿಯನ್ನು, ಕೈಗಳ ಮೇಲೆ ಹಾಕಿಕೊಳ್ಳುತ್ತಾರೆ, ಅದರ ಕೆಳಗೆ ಬೆರಳು ಹಿಡಿದು ಮಾತಾಡುತ್ತಾರೆ. ಒಂದು ಬೆರಳು ಹಿಡಿದರೆ ಒಂದು, ಎರಡಕ್ಕೆ ಎರಡು, ಅಂಗೈ ಪೂರ್ತಿ ಹಿಡಿದರೆ ಐದು. ಮೊದಲು ಹತ್ತು, ಆಮೇಲೆ ಬಿಡಿ. ಒಪ್ಪಿಗೆಯಾದರೆ ಕೈ ಗಟ್ಟಿಯಾಗಿ ಅದುಮುವುದು. ಸುತ್ತ ನಿಂತವರಿಗೆ ವಲ್ಲಿ ಅಲುಗುವುದಷ್ಟೇ ಕಾಣುತ್ತದೆ. ನನಗೆ ಆರೇಳು ವರ್ಷವಿದ್ದಾಗ ಕೂಡುವ ಲೆಕ್ಕ ತಲೆಗೆ ಹತ್ತದೆ ಅಳುತ್ತಿದ್ದೆ. ಮಾವ ನನ್ನ ಪುಟ್ಟ ಕೈಯನ್ನು ವಲ್ಲಿಯೊಳಗೆ ಎಳೆದುಕೊಂಡು ಬೆರಳು ಹಿಡಿದು ಹಿಡಿದು ಲೆಕ್ಕ ಕಲಿಸಿದರು. ನಾನು ಗಣಿತದ ಅಕ್ಕೋರು ಆದದ್ದು ಅಲ್ಲಿಂದ. ಇದನ್ನು ಬಿ.ಎಡ್. ಕಾಲೇಜಿನಲ್ಲಿ ಹೇಳಿದ್ದರೆ ನಗುತ್ತಿದ್ದರು.

ದರ ವಲ್ಲಿಯ ಕೆಳಗೆ, ನಿಜ. ಆದರೆ ಅದಕ್ಕೆ ಮೊದಲು ಅರ್ಧ ತಾಸು ಬಾಯಿಯ ಕೆಲಸವಿರುತ್ತದೆ. ಎತ್ತಿನ ಗುಣಗಾನ, ಗಿರಾಕಿಯ ಗೇಲಿ, ಆಣೆ, ಬೈಗುಳ. ಅದರಲ್ಲಿ ಮಾವನನ್ನು ಮೀರಿಸುವವರು ಇರಲಿಲ್ಲ. ಪಂಚಮಿ ಹಬ್ಬದಲ್ಲಿ ಪಗಡಿ ಹಾಸಿದರೆ ಅವರು ದಾಳ ಕೂಗುವ ದನಿ ಮೂರನೇ ಓಣಿಗೆ ಕೇಳಿಸುತ್ತಿತ್ತು. ನನ್ನ ಬಾಯಿಯೂ ಅವರದೇ ಬಳುವಳಿ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ.

ಕಳೆದ ವರ್ಷ ದೀಪಾವಳಿ ಮುಗಿದ ಮೇಲೆ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮಾವನ ಗಂಟಲಿನ ಆಪರೇಷನ್ ಆಯಿತು. ಬೀಡಿಯ ಫಲ. ಜೀವ ಉಳಿಯಿತು, ದನಿ ಪೂರ್ತಿ ಹೋಯಿತು. ಕೊರಳಿನ ಬುಡದಲ್ಲಿ ಉಸಿರಾಡಲು ಒಂದು ತೂತು ಮಾಡಿ ಕಳಿಸಿದರು. ಗಂಟಲಿಗೆ ಹಿಡಿದರೆ ಗರಗರ ದನಿ ಬರುವ ಒಂದು ಮಷಿನ್ ತಂದುಕೊಟ್ಟೆವು. ಒಂದು ಸಲ ಹಿಡಿದು ನೋಡಿ, ಆ ದನಿಗೆ ತಾವೇ ಬೆಚ್ಚಿ, ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಬರೆದು ತೋರಿಸಲಿ ಎಂದು ನಾನು ಪಾಟಿ ಕೊಟ್ಟೆ. ಅದರ ಮೇಲೆ ಅತ್ತಿ, ಅಂದರೆ ಮಾವನ ಹೆಂಡತಿ, ಹಾಲಿನವನ ಲೆಕ್ಕ ಬರೆಯುತ್ತಾಳೆ. ಮಾವ ಹೆಗಲ ಮೇಲಿನ ವಲ್ಲಿಯನ್ನು ಕೊರಳಿಗೆ ಸುತ್ತಿಕೊಂಡರು. ಅತ್ತಿಯೊಬ್ಬಳನ್ನು ಬಿಟ್ಟು ಆ ತೂತನ್ನು ಯಾರಿಗೂ ತೋರಿಸಲಿಲ್ಲ, ನನಗೂ ಸಹ. ಸಂತೆಗೆ ಹೋಗುವುದು ಬಿಟ್ಟರು, ಆಮೇಲೆ ಕಟ್ಟೆಗೆ ಬರುವುದು ಬಿಟ್ಟರು. ಮಂದಿಯ ನಡುವೆ ಈ ಮನುಷ್ಯ ಮತ್ತೆ ಕೂರುತ್ತಾರೋ ಇಲ್ಲವೋ ಎನ್ನುವುದೇ ಆ ವರ್ಷ ನಮ್ಮೆಲ್ಲರ ಚಿಂತೆಯಾಯಿತು. ಅತ್ತಿ ನನಗೆ ಫೋನ್ ಮಾಡಿ ಅತ್ತಳು: “ಗೋಡಿ ನೋಡ್ಕೋತ ಕುಂದರತಾನವಾ. ಮದಲ ಬೈದ್ರ ಸಾಕಾಗಿತ್ತು, ಈಗ ಒಂದ್ಸಲ ಬೈಲಿ ಅಂತ ದೇವರಿಗೆ ಕೈ ಮುಗಿಯಾಕತ್ತೇನಿ.”

ಅದಕ್ಕೇ ಭಾನುವಾರಗಳಂದು ಡಬ್ಬಿಗಳನ್ನು ಚೀಲದಲ್ಲಿ ತುಂಬಿಕೊಂಡು ಯಜಮಾನರ ಜೊತೆ ಹಾವೇರಿಗೆ ಹೋಗತೊಡಗಿದೆ. ಮೊದಮೊದಲು ಮಾವ ಬಂದು ಕುಳಿತರು. ಹೆಂಚಿನ ಆಟವನ್ನು ಎರಡು ಸಲ ಆಡಿದರು. ನನಗೆ ಧೈರ್ಯ ಬಂತು. ಧೈರ್ಯ ಬಂದಾಗಲೇ ನಾನು ಎಡವುವುದು.

ಬೇಸಿಗೆ ರಜೆಯಲ್ಲಿ ಗದ್ದಲದ ವಿಭಾಗದ ಆಟವೊಂದು ಬಂತು. ಚೀಟಿಯಲ್ಲಿರುವ ಪದವನ್ನು ಆ ಪದ ಬಳಸದೆ ಬಾಯಿಂದ ವರ್ಣಿಸಬೇಕು, ಮರಳು ಗಡಿಯಾರ ಖಾಲಿಯಾಗುವುದರೊಳಗೆ ಜೊತೆಯವರು ಊಹಿಸಿ ಹೇಳಬೇಕು. ರಾಣೆಬೆನ್ನೂರಿನ ಸ್ಟಾಫ್ ರೂಮಿನಲ್ಲಿ ಆಡಿ ನಕ್ಕು ನಕ್ಕು ಹೊಟ್ಟೆ ನೋವಾಗಿತ್ತು. ಅದೇ ಹುರುಪಿನಲ್ಲಿ ಹಾವೇರಿಗೆ ಒಯ್ದೆ. ಬಾಯಿಂದ ವರ್ಣಿಸುವ ಆಟವನ್ನು ಬಾಯಿ ಹೋದವರ ಮುಂದೆ ಹಾಸಿದೆ! ಈಗ ನೆನೆದರೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ. ಯಜಮಾನರು ಕಣ್ಣು ಸನ್ನೆ ಮಾಡಿದರು, ನಾನು ನೋಡಲಿಲ್ಲ. ಪಾಳಿ ಸುತ್ತಿ ಬಂದು ಚೀಟಿ ಮಾವನ ಕೈಗೆ ಬಂತು. ಆಗ ಗೊತ್ತಾಯಿತು. ಗೊತ್ತಾದಾಗ ಸುಮ್ಮನಿರಬೇಕಿತ್ತು. ಅದನ್ನು ಮುಚ್ಚಿಹಾಕಲು ಹೋಗಿ ಇನ್ನೂ ದೊಡ್ಡ ತಪ್ಪು ಮಾಡಿದೆ. ಚೀಟಿಯನ್ನು ಅವರ ಕೈಯಿಂದ ಎಳೆದುಕೊಂಡು, “ಇರ್ಲಿ ಬಿಡು ಮಾವಾ, ನಿನ್ನ ಪಾಳಿ ನಾ ಆಡ್ತೀನಿ” ಎಂದೆ.

ಮಾವ ನನ್ನ ಮುಖವನ್ನೊಮ್ಮೆ ನೋಡಿದರು. ಸಿಟ್ಟಿರಲಿಲ್ಲ, ಅದೇ ಕಷ್ಟ. ಎದ್ದು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಅದಾದ ಮೇಲೆ ನಾನು ಹೋದ ಭಾನುವಾರಗಳಲ್ಲೆಲ್ಲ ಆ ಬಾಗಿಲು ಮುಚ್ಚಿಯೇ ಇತ್ತು.

ನಾನೂ ಹೋಗುವುದು ಬಿಡಲಿಲ್ಲ. ಬಾಗಿಲ ಹೊರಗೆ ಕುಳಿತು ಬೇಕಂತಲೇ ಗದ್ದಲ ಮಾಡುತ್ತ ಯಜಮಾನರೊಂದಿಗೆ ಆಡುತ್ತಿದ್ದೆ. ಅತ್ತಿ ಒಬ್ಬರೇ ಆಡುವ ವಿಭಾಗದ ಡಬ್ಬಿಯೊಂದನ್ನು ಇಟ್ಟುಕೊಂಡಳು: ಚಿಕ್ಕ ಚಿಕ್ಕ ತುಂಡು ಜೋಡಿಸಿ ಹೊಳೆ ದಾಟಿಸುವ ದಾರಿ ಮಾಡುವುದು. ಮಧ್ಯಾಹ್ನ ಪಾತ್ರೆ ತೊಳೆದು ಅದನ್ನು ಹರಡಿಕೊಂಡು ಕೂರುತ್ತಾಳೆ. “ಮಾತಾಡವ್ರು ಇಲ್ಲದ ಹೊತ್ತು ಹೋಗತೈತಿ ನೋಡವಾ” ಎಂದಳು. ಆ ವಿಭಾಗದ ಬಹುಮಾನವನ್ನು ಅವತ್ತೇ ಮನಸ್ಸಿನಲ್ಲಿ ಬರೆದುಕೊಂಡೆ. ಒಂದು ದಿನ ತುಂಡು ಜೋಡಿಸುತ್ತಲೇ ಅವಳು ಇನ್ನೊಂದು ಸಂಗತಿ ಹೇಳಿದಳು.

ಮಾವನ ಜೊತೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಜೋಡಿಯಾಗಿ ವ್ಯಾಪಾರ ಮಾಡಿದವರು ಕರ್ಜಗಿಯ ಒಬ್ಬ ದಲ್ಲಾಳಿ. ನಾನು ಚಿಕ್ಕವಳಿದ್ದಾಗಿನಿಂದ ಅವರನ್ನು ಕರೆಯುವುದು ಕರ್ಜಗಿ ಕಾಕಾ ಎಂದು. ಆಪರೇಷನ್ ಆದ ಮೇಲೆ ಮಾವ ಒಂದೇ ಒಂದು ಸಲ ಸಂತೆಗೆ ಹೋಗಿದ್ದರಂತೆ. ಒಬ್ಬ ಗಿರಾಕಿ ಮಾವನ ಮುಂದೆ ನಿಂತು ಎತ್ತಿಗೆ ಎಷ್ಟು ಹಲ್ಲು, ಅಂದರೆ ಎಷ್ಟು ವಯಸ್ಸು, ಎಂದು ಕೇಳಿದ. ಕಾಕಾ ನಡುವೆ ಬಂದು, “ಅವಂಗ ಮಾತು ಬರೂದಿಲ್ಲ, ನಂಗ ಕೇಳ್ರಿ” ಎಂದರು. ಮಾವ ಹಾಗೆಯೇ ತಿರುಗಿ ಮನೆಗೆ ನಡೆದು ಬಂದರು. ಅಂದಿನಿಂದ ಕಾಕಾ ವಾರವಾರ ಬಂದು ಕಟ್ಟೆಯ ಮೇಲೆ ಕುಳಿತು ಹೋಗುತ್ತಾರೆ, ಮಾವ ಹೊರಗೆ ಬರುವುದಿಲ್ಲ. “ಪಾಪ, ಒಳ್ಳೇದಕ್ಕ ಅಂದಿದ್ದ” ಎಂದಳು ಅತ್ತಿ. ನಾನೂ ಒಳ್ಳೆಯದಕ್ಕೇ ಚೀಟಿ ಎಳೆದುಕೊಂಡಿದ್ದೆ. ಕಾಕಾ ಮತ್ತು ನಾನು ಮಾಡಿದ್ದು ಒಂದೇ ತಪ್ಪು ಎಂದು ಆಗ ಹೊಳೆಯಿತು. ಇಬ್ಬರೂ ಅವರ ಪಾಳಿಯನ್ನು ಕಿತ್ತುಕೊಂಡಿದ್ದೆವು.

ದಸರೆ ರಜೆ ಮುಗಿಯುವ ಭಾನುವಾರ ನಾನು ಹೊಸ ಡಬ್ಬಿಯೊಂದನ್ನು ಒಯ್ದೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಹಲಗೆಯೂ ಇಲ್ಲ, ದಾಳವೂ ಇಲ್ಲ. ಒಂದರಿಂದ ನೂರರವರೆಗೆ ಅಂಕಿ ಬರೆದ ಇಸ್ಪೀಟಿನಂಥ ಎಲೆಗಳು, ಅಷ್ಟೇ. ಎಲ್ಲರೂ ಕೂಡಿ ಗೆಲ್ಲಬೇಕು ಇಲ್ಲವೇ ಎಲ್ಲರೂ ಕೂಡಿ ಸೋಲಬೇಕು. ಕೈಯಲ್ಲಿರುವ ಎಲೆಗಳನ್ನು ಸಣ್ಣ ಅಂಕಿಯಿಂದ ದೊಡ್ಡದಕ್ಕೆ ಸಾಲಾಗಿ ನಡುವೆ ಇಡುತ್ತ ಹೋಗಬೇಕು. ಯಾರ ಹತ್ತಿರ ಏನಿದೆ ಎಂದು ಯಾರಿಗೂ ಗೊತ್ತಿಲ್ಲ, ತನ್ನದೇ ಸಣ್ಣದು ಅನಿಸಿದವರು ಇಡಬೇಕು. ಎಂಟು ಸುತ್ತು ದಾಟಿದರೆ ಗೆಲುವು. ಮೂರು ತಪ್ಪಾದರೆ ಆಟ ಮುಗಿಯಿತು. ಮಾವ ಬರುತ್ತಾರೆಂದು ತಂದದ್ದಲ್ಲ, ಆ ಆಸೆ ಬಿಟ್ಟಿದ್ದೆ. ಇರುವೆಯ ಕಾಲಿನಷ್ಟು ಸಣ್ಣ ಅಕ್ಷರದ ನಿಯಮಗಳನ್ನು ರೈಲಿನಲ್ಲಿ ಓದಿ ಚೀಟಿಯ ಮೇಲೆ ಕನ್ನಡದಲ್ಲಿ ಎರಡೇ ಸಾಲು ಬರೆದುಕೊಂಡಿದ್ದೆ: ‘ಬಾಯಿ ಬಿಡಬಾರದು. ಯಾರಿಗೂ ಬೆರಳು ತೋರಿಸಬಾರದು.’

ಅವತ್ತು ಕಾಕಾ ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಬಂದು ಕಟ್ಟೆಯ ಮೇಲೆ ಕುಳಿತಿದ್ದರು. ನಾನು ಒಳಗೆ ಕರೆದೆ.

“ಬರ್ರಿ ಕಾಕಾ, ನಾಲ್ಕು ಮಂದಿ ಆಗ್ತೀವಿ.”

“ನಂಗ ನಿಮ್ಮ ಇಂಗ್ಲಿಷ್ ಆಟ ಬರೂದಿಲ್ಲವಾ ಅಕ್ಕೋರ.”

“ಅಂಕಿ ಬರತಾವಿಲ್ಲೋ? ಅಷ್ಟ ಸಾಕು. ಆದ್ರ ಬಾಯಿ ಬಿಡಂಗಿಲ್ಲ.”

“ನೀ ಬಾಯಿ ಮುಚ್ಕೊಂಡು ಆಡ್ತೀ? ಅದನ್ನ ನೋಡಾಕರ ಬರ್ತೀನಿ ತಗೋ” ಎಂದು ಚಪ್ಪಲಿ ಬಿಟ್ಟು ಒಳಗೆ ಬಂದರು.

ಯಜಮಾನರು, ಅತ್ತಿ, ಕಾಕಾ, ನಾನು ಚಾಪೆಯ ಮೇಲೆ ಕುಳಿತೆವು. ಮೊದಲ ಸುತ್ತು, ಎರಡನೇ ಸುತ್ತು. ಸುಮ್ಮನಿರುವುದು ಇಷ್ಟು ಕಷ್ಟವೇ! ನಾಲಿಗೆ ಬಾಯಲ್ಲಿ ಹೊರಳಾಡುತ್ತಿತ್ತು, ಕಚ್ಚಿ ಹಿಡಿದೆ. ಫ್ಯಾನಿನ ಕಟಕಟ, ಹೊರಗೆ ಯಾರದೋ ಬೈಕು, ಅಷ್ಟೇ ಸಪ್ಪಳ. ಹತ್ತು ನಿಮಿಷವಾಗಿರಬೇಕು, ಒಳಕೋಣೆಯ ಬಾಗಿಲು ಕಿರ್ ಎಂದಿತು. ಮಾವ ತಲೆ ಹೊರಗೆ ಹಾಕಿ ಗಾಬರಿಯಿಂದ ನೋಡುತ್ತಿದ್ದರು. ನಾನು ಮನೆಯಲ್ಲಿದ್ದೂ ಮನೆ ಸುಮ್ಮನಿದೆ ಎಂದರೆ ಏನೋ ಅನಾಹುತವಾಗಿದೆ ಎಂದೇ ಅವರಿಗೆ ಅನಿಸಿತ್ತು. ಅತ್ತಿಯ ಮುಖ ನೋಡಿದರು, ನನ್ನ ಮುಖ ನೋಡಿದರು. ಯಾರೂ ಏನೂ ಹೇಳಲಿಲ್ಲ, ಹೇಳುವಂತಿರಲಿಲ್ಲ. ಏನಾಗಿದೆ ಎಂದು ತಿಳಿಯಲು ಅವರು ಹತ್ತಿರ ಬರಲೇಬೇಕಾಯಿತು. ಬಂದರು. ಚಾಪೆಯ ಅಂಚಿನಲ್ಲಿ ನಿಂತರು. ನಾನು ನಿಯಮದ ಚೀಟಿಯನ್ನು ಅವರ ಕಡೆ ತಿರುಗಿಸಿದೆ. ಓದಿದರು. ಮತ್ತೊಮ್ಮೆ ಓದಿದರು. ಅವರ ಹುಬ್ಬು ಮೇಲಕ್ಕೆ ಹೋಯಿತು.

ನನ್ನ ಅತ್ತಿಯಂಥ ಜಾಣೆ ಇನ್ನೊಬ್ಬಳಿಲ್ಲ. ತನ್ನ ಎಲೆಗಳನ್ನು ಗಂಡನ ಕೈಗೆ ತುರುಕಿ, ಚಹಾ ಇಡಲು ಎದ್ದು ಹೋದಳು. ಮಾವ ಕಾಕಾನ ಎದುರಿಗೆ ಕುಳಿತರು. ಕಾಕಾ ತಲೆ ಎತ್ತಲಿಲ್ಲ. ತಮ್ಮ ಎಲೆಗಳನ್ನೇ ಮತ್ತೆ ಮತ್ತೆ ಜೋಡಿಸಿಕೊಂಡರು.

ಮುಂದಿನ ಮುಕ್ಕಾಲು ತಾಸು ನಾನು ಕಂಡದ್ದನ್ನು ಯಾವ ಗಣಿತವೂ ವಿವರಿಸುವುದಿಲ್ಲ. ದಲ್ಲಾಳಿಗಳಿಗೆ ಕಾಯುವುದು ಗೊತ್ತು. ಎದುರಿನವನು ಎಲೆ ಹಿಡಿದ ರೀತಿ, ರೆಪ್ಪೆ ಬಡಿಯುವ ರೀತಿ ನೋಡಿ ಇವನ ಹತ್ತಿರ ದೊಡ್ಡದಿದೆ, ಇವನ ಹತ್ತಿರ ಸಣ್ಣದಿದೆ ಎಂದು ತಿಳಿಯುತ್ತಾರೆ. ನಾನು ಮತ್ತು ಯಜಮಾನರು ಒಂದೊಂದು ತಪ್ಪು ಮಾಡಿದೆವು, ಅವರಿಬ್ಬರು ಒಂದೂ ಮಾಡಲಿಲ್ಲ. ಆ ಕೋಣೆಯಲ್ಲಿ ಅವತ್ತು ಮಾತು ಬಾರದವರು ಯಾರೂ ಇರಲಿಲ್ಲ, ಇಲ್ಲವೇ ಎಲ್ಲರೂ ಮಾತು ಬಾರದವರೇ ಆಗಿದ್ದೆವು. ಮಾವನ ಪಾಳಿಯನ್ನು ಅವರ ಬದಲಿಗೆ ಆಡಲು ಯಾರಿಗೂ ಸಾಧ್ಯವಿರಲಿಲ್ಲ.

ಎಂಟನೆಯದು ಕೊನೆಯ ಸುತ್ತು. ನನ್ನ, ಯಜಮಾನರ ಎಲೆಗಳು ಮುಗಿದವು. ನೆಲದ ಮೇಲೆ ಎಪ್ಪತ್ತೊಂದು ಬಿದ್ದಿತ್ತು. ಮಾವನ ಕೈಯಲ್ಲಿ ಒಂದು ಎಲೆ, ಕಾಕಾನ ಕೈಯಲ್ಲಿ ಒಂದು. ಎರಡು ತಪ್ಪು ಆಗಲೇ ಆಗಿತ್ತು, ಇನ್ನೊಂದಾದರೆ ಎಲ್ಲ ಹೋಯಿತು. ಮಾವ ಇಡಲಿಲ್ಲ, ಕಾಕಾನೂ ಇಡಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ಕುಳಿತರು. ತುಂಬ ಹೊತ್ತು. ಅಂಕಿಗಳು ಪಕ್ಕಪಕ್ಕದವು ಎಂದು ಇಬ್ಬರಿಗೂ ವಾಸನೆ ಬಡಿದಿತ್ತು.

ಆಗ ಮಾವ ಎಲೆಯನ್ನು ತೊಡೆಯ ಕೆಳಗಿಟ್ಟು, ಕೊರಳಿನ ವಲ್ಲಿಯನ್ನು ಸರಕ್ಕನೆ ಎಳೆದು ತೆಗೆದರು. ಬಲಗೈ ಮುಂದೆ ಚಾಚಿದರು, ವಲ್ಲಿಯನ್ನು ಅದರ ಮೇಲೆ ಹಾಕಿದರು. ಕಾಕಾನ ಕೈ ತಾನೇ ತಾನಾಗಿ ಅದರೊಳಗೆ ಹೋಯಿತು. ವಲ್ಲಿ ಅಲುಗಿತು. ಮೊದಲು ಹತ್ತು, ಆಮೇಲೆ ಬಿಡಿ.

ತಪ್ಪು! ಶುದ್ಧ ಮೋಸ! ಜಗತ್ತಿನಲ್ಲಿ ಈ ಆಟ ಆಡುವವರು ಯಾರೂ ಹೀಗೆ ಮಾಡಿರಲಿಕ್ಕಿಲ್ಲ. ನಿಯಮ ಎಂದರೆ ನನಗೆ ಜೀವ. ಎದುರಿಗೆ ಸ್ವಂತ ಮಕ್ಕಳಿದ್ದರೂ ಬಿಡುವವಳಲ್ಲ. ಕೂಗಲು ಬಾಯಿ ತೆರೆದೆ. ಯಜಮಾನರು ನನ್ನ ಕಾಲನ್ನು ಬಲವಾಗಿ ತುಳಿದರು. ಆಗ ಕಣ್ಣೆತ್ತಿ ನೋಡಿದೆ. ಮಾವನ ಕೊರಳು ಬಯಲಾಗಿತ್ತು. ಅಂಗಿಯ ಗುಂಡಿಗಿಂತ ಸ್ವಲ್ಪ ದೊಡ್ಡ ತೂತು, ಉಸಿರಿನ ಜೊತೆ ಸಣ್ಣಗೆ ಅಲುಗುತ್ತಿತ್ತು. ವರ್ಷವಿಡೀ ನಮ್ಮಿಂದ ಬಚ್ಚಿಟ್ಟದ್ದನ್ನು ಅವರು ಮರೆತೇಬಿಟ್ಟಿದ್ದರು. ವಲ್ಲಿ ಬೇಕಾಗಿತ್ತು, ತೆಗೆದರು, ಅಷ್ಟೇ. ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ಅತ್ತಿ ನಿಂತಿದ್ದಳು, ಅವಳ ಕಣ್ಣಲ್ಲಿ ನೀರು. ನಾನು ತೆರೆದ ಬಾಯಿ ಮುಚ್ಚಿದೆ. ನನ್ನ ಜನ್ಮದಲ್ಲಿ ಮುಚ್ಚಿದ ಅತ್ಯಂತ ಒಳ್ಳೆಯ ಬಾಯಿ ಅದು.

ಮಾವ ಎಪ್ಪತ್ತಾರು ಇಟ್ಟರು. ಕಾಕಾ ಎಪ್ಪತ್ತೇಳು ಇಟ್ಟರು.

ಗೆದ್ದೆವು ಎಂದು ಚಪ್ಪಾಳೆ ತಟ್ಟಿದ್ದು ಯಜಮಾನರು. ನಾನು ಕಾಕಾನ ಕಡೆ ತಿರುಗಿ, “ಇದು ನಡಿಯೂದಿಲ್ಲ ಕಾಕಾ” ಎಂದು ಸಣ್ಣ ದನಿಯಲ್ಲಿ ಗದರಿದೆ. ಅವರು ನನ್ನ ಚೀಟಿಯನ್ನೇ ಎತ್ತಿ ಹಿಡಿದರು. “ಏನ್ ಬರದಿ ನೋಡು. ಬಾಯಿ ಬಿಡಬಾರದು, ನಾವು ಬಿಟ್ಟಿಲ್ಲ. ಯಾರಿಗೂ ಬೆರಳು ತೋರಿಸಬಾರದು, ಯಾರಿಗರ ಕಂಡಾವೇನು ನಮ್ಮ ಬೆರಳು?” ಮಾವನ ಭುಜಗಳು ಕುಣಿಯುತ್ತಿದ್ದವು. ಒಂದು ಕ್ಷಣ ಗಾಬರಿಯಾಗಿ ನೋಡಿದರೆ, ಅವರು ನಗುತ್ತಿದ್ದರು. ದನಿಯಿಲ್ಲದ ನಗೆ, ಆದರೆ ಮೈತುಂಬ.

ಎಲೆ ಎತ್ತಿಟ್ಟ ಮೇಲೂ ಅವರಿಬ್ಬರ ಬಲಗೈ ವಲ್ಲಿಯಿಂದ ಹೊರಗೆ ಬರಲಿಲ್ಲ. ಮತ್ತೇನೋ ಮಾತು ನಡೆಯಿತು ಅಲ್ಲಿ. ಕಾಕಾ ಒಮ್ಮೆ ತಲೆ ಅಲ್ಲಾಡಿಸಿದರು, ಮಾವ ಬಿಡಲಿಲ್ಲ. ಕೊನೆಗೆ ಗಟ್ಟಿಯಾಗಿ ಅದುಮಿ ಕೈ ಬಿಡಿಸಿಕೊಂಡರು. ಕಾಕಾ ಮೂಗು ಒರೆಸಿಕೊಳ್ಳುತ್ತ ಚಪ್ಪಲಿ ಮೆಟ್ಟಿದರು. ನಾನು ಹಿಂದೆಯೇ ಓಡಿದೆ.

“ಏನಂದ್ರು ಕಾಕಾ, ಮಾವ?”

“ಅದನ್ನ ಹೇಳಾಕ ಬರೂದಿಲ್ಲವಾ.”

“ನಾ ಹೊರಗಿನಾಕಿ ಏನ್ರಿ?”

“ಹೊರಗಿನಾಕಿ ಅಲ್ಲ. ವಲ್ಲಿ ಕೆಳಗಿಂದು ವಲ್ಲಿ ಕೆಳಗ ಇರಬೇಕು. ಅವನ ಮಾತು ನಾ ಹೇಳಾಕ ಹೋಗೇ ಒಂದು ವರ್ಷ ಕಳಕೊಂಡೇನಿ. ಇನ್ನ ಹೇಳೂದಿಲ್ಲ.”

ಮೋಟಾರ್ ಸೈಕಲ್ ಏರಿ ಹೋದರು. ನಾನು ಕಟ್ಟೆಯ ಮೇಲೆ ಕುಳಿತುಬಿಟ್ಟೆ.

ಏನು ಮಾತಾಯಿತೆಂದು ಗೊತ್ತಾದದ್ದು ಮುಂದಿನ ಸಂತೆಯ ದಿನ. ಅವತ್ತು ಹಾವೇರಿಯಲ್ಲಿ ನಮಗೆ ಶಿಕ್ಷಕರ ತರಬೇತಿ ಇತ್ತು. ಊಟದ ಬಿಡುವಿನಲ್ಲಿ ಕಾಲು ಸುಮ್ಮನಿರದೆ ದನದ ಸಂತೆಯ ಕಡೆ ಹೋದೆ. ಬೇಲಿಯ ಆಚೆ ಮಾವ ನಿಂತಿದ್ದರು. ಕೊರಳಿಗೆ ಅತ್ತಿ ಹೊಲಿದುಕೊಟ್ಟ ಬಿಳಿ ಬಟ್ಟೆಯ ಚಿಕ್ಕ ತೆರೆ, ವಲ್ಲಿ ಮತ್ತೆ ಹೆಗಲ ಮೇಲೆ. ಒಬ್ಬ ಗಿರಾಕಿ ಎತ್ತಿನ ಬಗ್ಗೆ ಮಾವನನ್ನು ಏನೋ ಕೇಳಿದ. ಕಾಕಾ ಪಕ್ಕದಲ್ಲೇ ಇದ್ದರು, ಎರಡೂ ಕೈ ಹಿಂದೆ ಕಟ್ಟಿಕೊಂಡು ಮುಗಿಲು ನೋಡುತ್ತ ನಿಂತರು. ಗಿರಾಕಿ ಕಾದ. ಮಾವ ಎತ್ತಿನ ತುಟಿ ಎತ್ತಿ ಹಲ್ಲು ತೋರಿಸಿದರು, ಬೆನ್ನ ಮೇಲೆ ಒಮ್ಮೆ ತಟ್ಟಿದರು, ವಲ್ಲಿ ಹಾಸಿ ಕೈ ಚಾಚಿದರು. ನಾನು ಕರೆಯದೆ ಹಿಂದಿರುಗಿದೆ. ಮಧ್ಯಾಹ್ನದ ತರಬೇತಿಯಲ್ಲಿ ಏನು ಹೇಳಿದರೋ ಒಂದೂ ಕಿವಿಗೆ ಬೀಳಲಿಲ್ಲ.

ಡಿಸೆಂಬರ್‌ನ ಕೊನೆಯ ಭಾನುವಾರ ಬಂತು. ಬ್ಯಾಡಗಿಯ ನಮ್ಮ ಮನೆಗೆ ಮಾವ, ಅತ್ತಿ, ಕಾಕಾ ಮೂವರೂ ಬಂದರು. ಆಪರೇಷನ್ ಆದ ಮೇಲೆ ಮಾವ ನಮ್ಮ ಮನೆಗೆ ಬಂದದ್ದು ಅದೇ ಮೊದಲು. ನಾನು ಪಟ್ಟಿ ಅಂಟಿಸಿದೆ. ಬೀಗರಿಗೆ ಹೆಂಚಿನ ಆಟ, ಇಬ್ಬರಿಗೆ ಮಸಾಲೆ ಆಟ, ಒಬ್ಬರಿಗೆ ಅತ್ತಿಯ ಹೊಳೆ ದಾಟುವ ಆಟ. ಗದ್ದಲದ ವಿಭಾಗವನ್ನು ಖಾಲಿ ಬಿಟ್ಟಿದ್ದೆ. ವರ್ಷದ ಮೊದಲ ಸ್ಥಾನ ಹೆಂಚಿನ ಆಟಕ್ಕೆ. ಅಂಕಿ ಎಲೆಗಳ ಆಟ ಎಲ್ಲಕ್ಕಿಂತ ಕೆಳಗೆ: ‘ಬಾಯಿ ಮುಚ್ಚುವ ಆಟ. ಆಡಿದವರು ಮೋಸ ಮಾಡಿದ್ದರಿಂದ ಐದನೇ ಸ್ಥಾನ.’

ಮಾವ ಓದಿದರು. ಹೆಗಲಿನ ವಲ್ಲಿ ತೆಗೆದು ನನ್ನ ಮುಂದೆ ಕೈ ಚಾಚಿದರು.

ನಾನು ಆರೇಳು ವರ್ಷದವಳಿದ್ದಾಗ ಹಿಡಿದ ಕೈ ಅದು. ಬೆರಳುಗಳು ಈಗ ಸಣಕಲಾಗಿವೆ. ಅವರು ನನ್ನ ತೋರುಬೆರಳು ಹಿಡಿದರು: ಒಂದು, ಮೊದಲ ಸ್ಥಾನವೇ ಬೇಕು. ನಾನು ಅವರ ಮೂರು ಬೆರಳು ಹಿಡಿದೆ. ಅವರು ನನ್ನ ಬೆರಳನ್ನು ಹಿಂಡಿದರು: ಒಂದು. ಎರಡಕ್ಕೆ ಇಳಿದೆ. ಒಪ್ಪಲಿಲ್ಲ ಮುದುಕ. ಸರಿ, ಕೊಡುತ್ತೇನೆ, ಆದರೆ ನನಗೇನು ಕೊಡುತ್ತೀ? ಎಡಗೈಯಿಂದ ಗೋಡೆಯ ಕ್ಯಾಲೆಂಡರಿನ ಕೆಂಪು ಭಾನುವಾರಗಳನ್ನು ತೋರಿಸಿ, ನಮ್ಮ ಮನೆಯ ಚಾಪೆ ತೋರಿಸಿದೆ. ತಿಂಗಳಿಗೆ ಎಷ್ಟು ಭಾನುವಾರ ಇಲ್ಲಿ ಬಂದು ಕೂರುತ್ತೀ? ವಲ್ಲಿಯ ಕೆಳಗೆ ಕೇಳಿದೆ. ಅವರು ಹೇಳಿದರು. ನಾನು ಇನ್ನೂ ಹೆಚ್ಚಿಗೆ ಕೇಳಿದೆ. ಎಳೆದಾಡಿದೆವು. ನನ್ನ ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲು ಕೈ ಬಿಡುವಂತಿರಲಿಲ್ಲ. ಕಡೆಗೆ ಮಾವ ಗಟ್ಟಿಯಾಗಿ ಅದುಮಿದರು.

ನಾನು ಎದ್ದು ಕೆಂಪು ಪೆನ್ನಿನಿಂದ ಹೆಂಚಿನ ಆಟವನ್ನು ಹೊಡೆದುಹಾಕಿ, ಬಾಯಿ ಮುಚ್ಚುವ ಆಟಕ್ಕೆ ಮೊದಲ ಸ್ಥಾನ ಎಂದು ಬರೆದೆ. ಯಜಮಾನರು ಹೌಹಾರಿದರು.

“ಏ, ಏನಿದು ಅನ್ಯಾಯ? ಎಷ್ಟಕ್ಕ ಮುಗೀತು ವ್ಯಾಪಾರ? ಏನಂದ್ರು ಮಾವಾರು?”

ಎಲ್ಲರೂ ನನ್ನ ಕಡೆ ನೋಡಿದರು. ಮಾವನೂ ನೋಡಿದರು, ವಲ್ಲಿಯನ್ನು ಮಡಚುತ್ತ. ಹೇಳಬೇಕೆಂದು ನಾಲಿಗೆ ತುದಿಯವರೆಗೆ ಬಂತು.

“ನಂಗೇನು ಕೇಳ್ತೀರಿ?” ಎಂದೆ. “ಅವರ ಕೂತಾರಲ್ಲ ಎದರಿಗೆ, ಅವರ್ನ ಕೇಳ್ರಿ.”